ಎರಡರ ಹಿಂದಿನ ಸಂಖ್ಯೆ

ಮಾಲೇಕಲ್ಲು ತಿರುಪತಿ ರಸ್ತೆ,
ಅರಸೀಕೆರೆ ತಾಲ್ಲೂಕು
೧೭-೧೧-೨೦೨೫, ಸೋಮವಾರ

ಪ್ರೀತಿಯ ಶಿಲ್ಪಾ,

ಹೇಗಿದ್ದೀಯಮ್ಮ? ನಿನ್ನೆ ಫೋನಿನಲ್ಲಿ ನಿನ್ನ ದನಿ ಕಟ್ಟಿಕೊಂಡ ಹಾಗಿತ್ತು. ನೆಗಡಿಯೋ, ಪೆರೇಡಿನಲ್ಲಿ ಕೂಗಿ ಕೂಗಿ ಗಂಟಲು ಕೂತಿದೆಯೋ ತಿಳಿಯಲಿಲ್ಲ. ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸು, ನಾಚಿಕೆ ಪಡಬೇಡ, ಪೊಲೀಸಿನವರಿಗೂ ಗಂಟಲು ಇರುತ್ತದೆ. ಕಾಲಿನ ಬೊಬ್ಬೆ ಒಣಗಿತೇ? ಆ ಕಲಬುರಗಿಯ ಬಿಸಿಲಿನಲ್ಲಿ ದಿನವೆಲ್ಲ ಬೂಟು ಹಾಕಿಕೊಂಡಿರುವುದನ್ನು ನೆನೆಸಿಕೊಂಡರೇ ನನ್ನ ಪಾದ ಉರಿಯುತ್ತದೆ. ಜೋಳದ ರೊಟ್ಟಿ ಒಗ್ಗಿದೆ ಎಂದೆ, ಸಂತೋಷ. ಆದರೂ ಮುದ್ದೆ ಇಲ್ಲದೆ ನಿನಗೆ ಊಟ ಮಾಡಿದ ಹಾಗೆ ಆಗುತ್ತದೆಯೇ ಎಂದು ಮುದ್ದೆ ಕಟ್ಟುವಾಗಲೆಲ್ಲ ಅಂದುಕೊಳ್ಳುತ್ತೇನೆ. ಇಲ್ಲಿ ಚಳಿ ಶುರುವಾಗಿದೆ. ಸಂತೆಗೆ ಅವರೆಕಾಯಿ ಬಂದಿದೆ. ನಿಮ್ಮ ಮಾವನ ಮಂಡಿನೋವು ಮಾಮೂಲು. ನಿನ್ನ ಮಗಳು ನಯನಾ ಇನ್ನೊಂದು ಹಲ್ಲು ಬೀಳಿಸಿಕೊಂಡು ಅದನ್ನು ಸಗಣಿಯಲ್ಲಿಟ್ಟು ಸೂರಿನ ಮೇಲೆ ಎಸೆದಳು.

ಅತ್ತೆಗೇನು ಬಂತು, ಈ ಕಾಲದಲ್ಲಿ ಕಾಗದ ಬರೆಯುತ್ತಾಳೆ ಎಂದುಕೊಳ್ಳಬೇಡ. ತರಬೇತಿಯಲ್ಲಿ ನಿಮಗೆ ಮೊಬೈಲು ಕೈಗೆ ಸಿಗುವುದು ಭಾನುವಾರ ಒಂದಿಷ್ಟು ಹೊತ್ತು. ಆಗ ನಿನ್ನ ಗಂಡ ಚನ್ನೇಶ ಸ್ಪೀಕರ್ ಹಾಕಿ ಜಗಲಿಯ ಮೇಲೆ ಇಡುತ್ತಾನೆ, ಸುತ್ತ ಎಲ್ಲರೂ ಕೂರುತ್ತಾರೆ, ಬೀದಿಯಲ್ಲಿ ಹೋಗುವವರೂ ನಿಂತು ನಿನ್ನ ಯೋಗಕ್ಷೇಮ ಕೇಳುತ್ತಾರೆ. ನನ್ನ ಸರದಿ ಬರುವಷ್ಟರಲ್ಲಿ ಊಟ ಆಯ್ತಾ ಎಂದು ಕೇಳುವಷ್ಟೇ ಸಮಯ ಉಳಿದಿರುತ್ತದೆ. ನಿನಗೆ ಮಾತ್ರ ಹೇಳಬೇಕಾದ ಮಾತು ಬಂದರೆ ಕಾಗದವೇ ಗತಿ. ನಯನಾಳ ಲೆಕ್ಕದ ಪುಸ್ತಕದಿಂದ ಹಾಳೆ ಕಿತ್ತುಕೊಂಡಿದ್ದೇನೆ, ಚೌಕುಳಿ ಗೆರೆಯಲ್ಲಿ ಅಕ್ಷರ ಕೂರುತ್ತಿಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆ ಆದ ಮೇಲೆ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು, ಸೊಟ್ಟಪಟ್ಟ ಇದ್ದರೆ ಸಹಿಸಿಕೋ.

ಮೊದಲು ಸ್ಕೂಲಿನ ವಿಷಯ. ಬೇರೆ ಯಾರಾದರೂ ಬಣ್ಣ ಕಟ್ಟಿ ಹೇಳುವ ಮೊದಲು ನಡೆದದ್ದು ನಡೆದ ಹಾಗೆ ನನ್ನಿಂದಲೇ ತಿಳಿಯಲಿ. ದೀಪಾವಳಿ ಕಳೆದ ಮೇಲೆ ಎರಡನೇ ಕ್ಲಾಸಿನ ಮಕ್ಕಳಿಗೆ ಗಣಿತದ ಟೆಸ್ಟು ಕೊಟ್ಟರು. ನಯನಾ ಫೇಲು. ಫೇಲು ಎನ್ನುವ ಮಾತು ಈಗ ಇಲ್ಲವಂತೆ, ಕಲಿಕೆ ಸಾಲದು ಎನ್ನಬೇಕಂತೆ, ಆದರೆ ನಿಮ್ಮ ಮಾವನ ಕಿವಿಗೆ ಅದು ಫೇಲು ಎಂದೇ ಬಿತ್ತು. ಮನೆಯವರು ಬಂದು ನೋಡಲಿ ಎಂದು ಹೇಳಿಕಳಿಸಿದಾಗ ಚನ್ನೇಶ ಗೊಬ್ಬರದ ಅಂಗಡಿಯ ಬಾಗಿಲು ಹಾಕಿಕೊಂಡು ಬಂದ. ಅವನು, ನಿಮ್ಮ ಮಾವ, ನಾನು ಮೂವರೂ ಹೋದೆವು. ಅವಳ ಮಿಸ್ ಹೆಸರು ಸೌಂದರ್ಯ. ಗೆಂಡೆಹಳ್ಳಿ ಕಡೆಯ ಹುಡುಗಿ, ಈ ವರ್ಷವೇ ಬಂದವಳು. ಒಳ್ಳೆಯವಳು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆಕೆ ಮೇಜಿನ ಮೇಲೆ ಹನ್ನೆರಡು ಮಣಿ ಇಟ್ಟು ನಯನಾಳನ್ನು ಕರೆದು ಎಣಿಸು ಪುಟ್ಟಿ ಎಂದಳು. ನಿನ್ನ ಮಗಳು ಎರಡು ಕೈಯನ್ನೂ ಚಾಚಿ, ಒಂದೊಂದು ಕೈಯಲ್ಲಿ ಒಂದೊಂದು ಮಣಿ ಹಿಡಿದು ಒಟ್ಟಿಗೆ ಪಕ್ಕಕ್ಕೆ ಸರಿಸಿ ‘ಲಾಭ’ ಅಂದಳು. ಮತ್ತೆ ಎರಡು ಮಣಿ ಸರಿಸಿ ‘ಎರಡು’ ಅಂದಳು. ಹಾಗೆಯೇ ರಾಗವಾಗಿ ಹೇಳುತ್ತ ಹೋಗಿ ‘ಆರು’ ಎಂದು ಮುಗಿಸಿ, ಅಂಗೈ ಅಂಗೈ ಉಜ್ಜಿಕೊಂಡು ನಿಂತಳು. ಥೇಟ್ ಅವಳ ತಾತನೇ.

ನೀನು ಈ ಮನೆಗೆ ಬಂದ ಹೊಸದರಲ್ಲಿ ಬಾಗಿಲ ಸಂದಿಯಲ್ಲಿ ನಿಂತು ಇದನ್ನು ನೋಡಿ ನಕ್ಕಿದ್ದೆ, ನೆನಪಿರಬೇಕು. ನಿಮ್ಮ ಕಡೆ ಹಾಗಿಲ್ಲವಲ್ಲ. ಇಲ್ಲಿ ತೆಂಗಿನಕಾಯಿ ರಾಶಿಯ ಮುಂದೆ ಒಂದು ಎನ್ನುವ ಹಾಗಿಲ್ಲ, ಮೊದಲ ಎಣಿಕೆಗೆ ಲಾಭ ಎನ್ನಬೇಕು. ಎರಡು ಕೈಯಲ್ಲಿ ಎರಡು ಕಾಯಿ ಎತ್ತಿ ಹಾಕಿದರೆ ಅದು ಒಂದು ಎಣಿಕೆ. ಆ ಎಣಿಕೆಯನ್ನು ಎರಡರಷ್ಟು ಮಾಡಿ ಕಾಯಿಯ ಲೆಕ್ಕ ಹಿಡಿಯುವುದು ಕೊನೆಗೆ. ನೀನು ಹೋದ ಮೇಲೆ ಮಗು ಸ್ಕೂಲಿನಿಂದ ಬಂದು ತಾತನ ಪಕ್ಕವೇ ಕೂರುತ್ತಿತ್ತು. ಅವರೂ ತಮ್ಮ ಎಣಿಕೆಗೆ ಮೊಮ್ಮಗಳು ದನಿ ಕೊಡುತ್ತಾಳೆಂದು ಉಬ್ಬಿಹೋಗಿದ್ದರು. ಹೀಗಾಗಿ ಅವಳ ತಲೆಯಲ್ಲಿ ಎಣಿಕೆ ಎಂದರೆ ಅದೇ. ಮಿಸ್ ಉತ್ತರಪತ್ರಿಕೆಯನ್ನೂ ತೋರಿಸಿದಳು. ‘೨ರ ಹಿಂದಿನ ಸಂಖ್ಯೆ ಯಾವುದು’ ಎಂಬ ಪ್ರಶ್ನೆಗೆ ನಿನ್ನ ಮಗಳು ದುಂಡಗೆ ‘ಲಾಭ’ ಎಂದು ಬರೆದಿದ್ದಳು. ‘ಹೆಚ್ಚು ಯಾವುದು, ಕಡಿಮೆ ಯಾವುದು’ ಎನ್ನುವ ಕಡೆ ಏನೂ ಬರೆದಿರಲಿಲ್ಲ. ಯಾಕೆ ಎಂದರೆ, ಅದಕ್ಕೂ ಮೊದಲು ಒಂದು ದಿನ ಕ್ಲಾಸಿನಲ್ಲಿ ಎದ್ದು ನಿಂತು ಲಾಭ ಎರಡು ಮೂರು ಎಂದಾಗ ಮಕ್ಕಳೆಲ್ಲ ಹೋ ಎಂದು ನಕ್ಕರಂತೆ. ಅಂದಿನಿಂದ ಲೆಕ್ಕದ ಪೀರಿಯಡ್ಡಿನಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸಿದ್ದಾಳೆ. ಮನೆಯಲ್ಲಿ ಅವಳ ಬಾಯಿ ಮುಚ್ಚಿಸುವುದೇ ನಮಗೆ ಕೆಲಸ, ಅಲ್ಲಿ ನೋಡಿದರೆ ಹೀಗೆ.

ಮಿಸ್ ಹೇಳಿದ್ದಿಷ್ಟೇ: ‘ಮಗು ದಡ್ಡಿ ಅಲ್ಲ ಸರ್, ಲೆಕ್ಕದ ಮಾತುಗಳು ಅವಳಿಗೆ ಅಭ್ಯಾಸ ಆಗಬೇಕು. ದಿನಾ ತಾಯಿ ಜೊತೇಲಿ ಕೂತ್ಕೊಂಡು ಹೇಳಿಸಿದ್ರೆ ಸಾಕು.’ ಅಷ್ಟು ಮಾತಿನಲ್ಲಿ ನಮ್ಮ ಗಂಡಸರಿಗೆ ಕೇಳಿಸಿದ್ದು ಒಂದೇ ಒಂದು, ತಾಯಿ. ದಡ್ಡಿ ಅಲ್ಲ ಎಂದದ್ದು ಕೇಳಿಸಲಿಲ್ಲ, ಸಾಕು ಎಂದದ್ದು ಕೇಳಿಸಲಿಲ್ಲ. ಮಾರನೆಯ ದಿನವೇ ನಿಮ್ಮ ಮಾವನ ತಂಗಿ ಕಾಂತಮ್ಮ ಹಳೇಬೀಡಿನಿಂದ ಬಸ್ಸು ಹತ್ತಿ ಬಂದಳು, ಯಾರು ಕರೆಸಿದರೋ ನಾನು ಕೇಳಲಿಲ್ಲ. ಬಂದವಳು ಇನ್ನೂ ಹೋಗಿಲ್ಲ. ಜಗಲಿಯಲ್ಲಿ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತ, ‘ತಾಯಿ ಬದುಕಿದ್ದೂ ತಬ್ಬಲಿ ಆಗೈತೆ ಕಣಣ್ಣಾ ಕೂಸು. ಹೆಣ್ಣೆಂಗ್ಸಿಗೆ ಲಾಠಿ ಯಾಕೆ ಬೇಕಿತ್ತು? ಕರೆಸ್ಬಿಡಿ ಅತ್ಲಾಗೆ’ ಎಂದಳು. ನಿಮ್ಮ ಮಾವ ಹೂಂ ಎಂದರು. ಚನ್ನೇಶ ಇಲ್ಲ ಎನ್ನಲಿಲ್ಲ. ತರಬೇತಿಯ ನಡುವೆ ಬಿಟ್ಟು ಬಂದರೆ ಆ ಕೆಲಸ ಮತ್ತೆ ನಿನ್ನದಾಗುವುದಿಲ್ಲ ಎಂದು ಅವರೆಲ್ಲರಿಗೂ ಗೊತ್ತು ಶಿಲ್ಪಾ. ಗೊತ್ತಿದ್ದೇ ಹೇಳುತ್ತಿದ್ದಾರೆ.

ನನಗೆ ಬಂದ ಸಿಟ್ಟನ್ನು ಈ ಹಾಳೆಯಲ್ಲಿ ಹೇಗೆ ಹೇಳಲಿ. ಹಾಸನದ ಮೈದಾನದಲ್ಲಿ ಪೊಲೀಸ್ ಆಯ್ಕೆಗೆ ನೀನು ಓಡಿದ ದಿನ ಬೇಲಿಯಾಚೆ ಮಗುವನ್ನು ಎತ್ತಿಕೊಂಡು ನಿಂತಿದ್ದವಳು ನಾನು. ಕೊನೆಯ ತಿರುವಿನಲ್ಲಿ ನೀನು ಮುಗ್ಗರಿಸಿದಾಗ ನನ್ನ ಜೀವವೇ ಬಾಯಿಗೆ ಬಂದಿತ್ತು. ಎದ್ದು ಓಡಿದೆಯಲ್ಲ, ಆಗ ನಾನು ಕೂಗಿದ ಕೂಗಿಗೆ ಪಕ್ಕದವರು ನಿಮ್ಮ ಮಗಳಾ ಎಂದು ಕೇಳಿದರು. ಹೌದು ಎಂದೆ, ಸೊಸೆ ಎಂದು ಬಿಡಿಸಿ ಹೇಳುವ ತಾಳ್ಮೆ ಇರಲಿಲ್ಲ. ಆ ಓಟವನ್ನು ಒಂದು ಎರಡನೇ ಕ್ಲಾಸಿನ ಟೆಸ್ಟಿಗಾಗಿ ಬಿಟ್ಟುಕೊಡುವವಳಲ್ಲ ನಾನು. ಚನ್ನೇಶನನ್ನು ಕರೆದು, ನೀನು ಬಿ.ಕಾಂ. ಓದಿದವನು, ಎರಡರ ಹಿಂದಿನ ಸಂಖ್ಯೆ ನಿನಗೆ ಬರುವುದಿಲ್ಲವಾ, ದಿನಾ ಅರ್ಧ ಗಂಟೆ ಮಗಳ ಜೊತೆ ಕೂರು ಎಂದೆ. ‘ನಂಗೆ ಅಂಗಡಿ ಐತಲ್ಲಮ್ಮ’ ಎಂದ. ಅವಳಿಗೂ ಅಲ್ಲಿ ಪೆರೇಡು ಐತೆ ಕಣೋ ಎಂದು ಹೇಳಿದೆ, ತಲೆ ತಗ್ಗಿಸಿಕೊಂಡು ಹೋದ. ಕೆಟ್ಟವನಲ್ಲ ಅವನು, ನಿನಗೇ ಗೊತ್ತು. ನೀನಿಲ್ಲದೆ ಮನೆಗೆ ಬರುವುದಕ್ಕೆ ಬೇಜಾರು, ಅದನ್ನು ಬಾಯಿಬಿಟ್ಟು ಹೇಳುವುದಕ್ಕೆ ನಾಚಿಕೆ, ಅದಕ್ಕೆ ಮಗುವಿನ ಟೆಸ್ಟು ಒಂದು ನೆಪ ಸಿಕ್ಕಿದೆ.

ಆಮೇಲೆ ನಿಮ್ಮ ಮಾವನ ಹತ್ತಿರ ಹೋದೆ. ಲಿಂಗಪೂಜೆ ಮುಗಿಸಿದ್ದರು, ಹಣೆಯ ವಿಭೂತಿ ಆರುತ್ತಿತ್ತು, ಮುಖ ಶಾಂತವಾಗಿತ್ತು, ಇದೇ ಹೊತ್ತು ಎಂದುಕೊಂಡೆ. ರೀ, ನಾಡಿದ್ದು ಕಾಯಿ ಎಣಿಸುವಾಗ ಮಗು ಪಕ್ಕದಲ್ಲಿದ್ದರೆ ಒಂದು ಅಂತ ಶುರು ಮಾಡಿ, ಅವಳಿಲ್ಲದಾಗ ನಿಮ್ಮ ಲಾಭವನ್ನು ಎಷ್ಟು ಬೇಕಾದರೂ ಹೇಳಿಕೊಳ್ಳಿ ಎಂದೆ. ನಾನು ಕೇಳಿದ್ದು ಇಷ್ಟೇ. ಅವರ ಮುಖ ನೋಡಬೇಕಿತ್ತು ನೀನು. ‘ಒಂದು ಅಂದ್ರೆ ಒಂಟಿ ಕಣೇ. ರಾಶಿ ಮುಂದೆ ಆ ಮಾತು ಆಡಬಾರ್ದು. ನಮ್ಮಪ್ಪ ಆಡ್ಲಿಲ್ಲ, ಅವರಪ್ಪ ಆಡ್ಲಿಲ್ಲ, ನನ್ ಬಾಯಲ್ಲೂ ಬರಲ್ಲ’ ಎಂದರು. ಆಗ ನನಗೆ ಎಲ್ಲ ನಿಚ್ಚಳವಾಗಿ ಕಂಡಿತು. ಇವರಿಗೆ ಒಂದು ಮಾತು ಬಿಡುವುದಕ್ಕಾಗುವುದಿಲ್ಲ, ನೀನು ಮಾತ್ರ ಕೆಲಸ ಬಿಟ್ಟು ಬರಬೇಕು. ಇದನ್ನು ಅವರ ಮುಖಕ್ಕೇ ಹೇಳಿದೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರಿಗೆ ನಾನು ಅಡ್ಡ ಮಾತಾಡಿದ್ದುಂಟು, ಆದರೆ ಆ ದಿನದಷ್ಟು ನೆಟ್ಟಗೆ ನಿಂತು ಆಡಿರಲಿಲ್ಲ. ಅವರು ಶಲ್ಯ ಕೊಡವಿ ಹೆಗಲ ಮೇಲೆ ಹಾಕಿಕೊಂಡು ತೋಟಕ್ಕೆ ಹೋದರು.

ಕಾಯಿ ಎಣಿಸುವ ದಿನ ಬಂತು. ವ್ಯಾಪಾರಿ ಉಗ್ರಪ್ಪ ಅರಸೀಕೆರೆಯಿಂದ ಗಾಡಿ ತಂದಿದ್ದ. ಸುಲಿದ ಕಾಯಿ ಅಂಗಳದಲ್ಲಿ ಗುಡ್ಡೆ ಬಿದ್ದಿತ್ತು, ಆಳುಗಳು ಸೊಂಟ ಕಟ್ಟಿ ನಿಂತಿದ್ದರು. ಶನಿವಾರವಾದ್ದರಿಂದ ನಯನಾ ಬೇಗ ಬಂದು ತಾತನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು. ನಿಮ್ಮ ಮಾವ ಎರಡು ಕಾಯಿ ಎತ್ತಿ ಬಾಯಿ ತೆರೆಯುವಷ್ಟರಲ್ಲಿ ನಾನು ಒಳಗಿನಿಂದ ಸೆರಗು ಸಿಕ್ಕಿಸಿಕೊಂಡು ಬಂದೆ. ರಾಶಿಯಿಂದ ಒಂದೇ ಒಂದು ಕಾಯಿ ತೆಗೆದು ಗಾಡಿಯ ಕಡೆ ಹಾಕಿ, ಬೀದಿಗೆಲ್ಲ ಕೇಳುವ ಹಾಗೆ ‘ಒಂದು’ ಎಂದೆ. ಕಾಂತಮ್ಮ ಜಗಲಿಯ ಮೇಲೆ ‘ಅಯ್ಯೋ ಶಿವನೇ’ ಎಂದು ಬಾಯಿಗೆ ಸೆರಗು ಹಿಡಿದಳು. ರಾಶಿಯ ಮುಂದೆ ಹೆಂಗಸು ಎಣಿಕೆ ಹೇಳುವುದೇ ಈ ಮನೆಯಲ್ಲಿ ಕಂಡುಕೇಳದ ಸಂಗತಿ, ಅದರ ಮೇಲೆ ಒಂದು ಎಂದರೆ ಕೇಳಬೇಕೇ. ನಾನು ಇನ್ನೊಂದು ಕಾಯಿ ಹಾಕಿ ‘ಎರಡು’ ಎಂದೆ. ನಯನಾ ನನ್ನ ಮುಖ ನೋಡಿದಳು, ತಾತನ ಮುಖ ನೋಡಿದಳು. ಎರಡರ ಹಿಂದಿನ ಸಂಖ್ಯೆ ಯಾವುದೇ ಎಂದು ಕೇಳಿದೆ. ಮಗು ಬೆರಳು ಮಡಿಸಿ ಬಿಚ್ಚಿ ನೋಡಿಕೊಂಡಿತು. ನಾನು ಮೂರನೇ ಕಾಯಿ ಎತ್ತಲಿಲ್ಲ. ಕೊನೆಗೆ ಸಣ್ಣ ದನಿಯಲ್ಲಿ ‘ಒಂದು’ ಎಂದಳು.

ನಿಮ್ಮ ಮಾವ ಎದ್ದುಹೋದರು. ಹೋಗಲಿ ಎಂದು ನಾನು ಮುಂದುವರಿಸಿದೆ. ಒಂದೊಂದೇ ಕಾಯಿ, ಒಂದೊಂದೇ ಎಣಿಕೆ. ಉಗ್ರಪ್ಪ ತಡೆಯಲಾರದೆ, ‘ಅಕ್ಕಾ, ಹಿಂಗೆ ಎಣಿಸಿದ್ರೆ ದೀಪ ಹಚ್ಚೋ ಹೊತ್ತಾಯ್ತದೆ’ ಎಂದ. ಆಗ್ಲಿ ಕಣಪ್ಪಾ, ಕಾಫಿ ಮಾಡ್ಕೊಡ್ತೀನಿ, ಕೂತ್ಕೋ ಎಂದೆ. ಸ್ವಲ್ಪ ಹೊತ್ತಿಗೆ ನಯನಾ ಎದ್ದು ಬಂದು ನನ್ನ ಜೊತೆ ದನಿಗೂಡಿಸಿದಳು. ಆಮೇಲೆ ನನ್ನನ್ನು ಬಿಟ್ಟು ತಾನೇ ಮುಂದೆ ಓಡಿದಳು. ಹತ್ತಾದ ಕೂಡಲೇ ಒಂದು ಗುಂಪು ಮಾಡಿ ಇದು ಹತ್ತು, ಇವು ಬಿಡಿ ಎಂದು ತೋರಿಸಿದಳು, ಅದು ಸ್ಕೂಲಿನ ಮಾತು, ಯಾವಾಗಲೋ ಕಿವಿಗೆ ಬಿದ್ದು ಒಳಗೇ ಇತ್ತು ನೋಡು. ಆಳುಗಳೂ ಅವಳು ಹೇಳಿದ ಹಾಗೆ ಗುಂಪು ಮಾಡತೊಡಗಿದರು. ನಡುವೆ ತಪ್ಪಿದಳು, ಒಂದೆರಡು ಸಲ ಮೊದಲಿನಿಂದ ಎಣಿಸಬೇಕಾಯಿತು. ಉಗ್ರಪ್ಪ ಗೊಣಗಿಕೊಂಡು ಎರಡು ಲೋಟ ಕಾಫಿ ಕುಡಿದ. ಲೆಕ್ಕ ಸರಿಯಾಗಿ ಬಂತೋ ಇಲ್ಲವೋ ಎಂದು ಅವನು ಮತ್ತೆ ತನ್ನ ರೀತಿಯಲ್ಲಿ ಜೋಡಿ ಜೋಡಿ ಎಣಿಸಿಕೊಂಡ, ನಾನೂ ಬೇಡ ಎನ್ನಲಿಲ್ಲ.

ಆ ದಿನದಿಂದ ಒಲೆಯ ಮುಂದೆ ನಮ್ಮಿಬ್ಬರ ಪಾಠ. ಅವಳ ಗಣಿತದ ಪುಸ್ತಕದಲ್ಲಿ ಒಂದು ಪುಟ ಇಂಗ್ಲಿಷು, ಎದುರು ಪುಟ ಕನ್ನಡ. ನಾನು ಕನ್ನಡದ ಕಡೆ, ಅವಳು ಇಂಗ್ಲಿಷಿನ ಕಡೆ. ಸಂಕಲನ ಎಂದರೆ ಕೂಡುವುದು ಎಂದು ನಾನು ಹೇಳಿದರೆ ಅವಳು ಅಡಿಷನ್ ಎನ್ನುತ್ತಾಳೆ. ವ್ಯವಕಲನ ಎನ್ನುವಾಗ ನನ್ನ ನಾಲಿಗೆ ಹೊರಳುವುದಿಲ್ಲ, ಅವಳಿಗೆ ಅದೇ ದೊಡ್ಡ ತಮಾಷೆ, ಹತ್ತು ಸಲ ಹೇಳಿಸುತ್ತಾಳೆ. ಏರಿಕೆ ಕ್ರಮ, ಇಳಿಕೆ ಕ್ರಮ ಎಂದು ಮನೆಯವರನ್ನೆಲ್ಲ ಎತ್ತರದ ಪ್ರಕಾರ ನಿಲ್ಲಿಸಿದಳು, ಕಾಂತಮ್ಮನನ್ನೂ ಬಿಡಲಿಲ್ಲ. ಮೊನ್ನೆ ಮುದ್ದೆ ಬಡಿಸುವಾಗ ಅಪ್ಪನ ತಟ್ಟೆಯ ಮುದ್ದೆ ನೋಡಿ, ನನ್ನ ತಟ್ಟೆಯದನ್ನು ನೋಡಿ, ‘ಇದು ಹೆಚ್ಚು, ಇದು ಕಡಿಮೆ, ಸಮ ಇಲ್ಲ’ ಎಂದು ತೀರ್ಪು ಕೊಟ್ಟಳು. ಚನ್ನೇಶ ನಗುತ್ತ ತನ್ನ ಮುದ್ದೆ ಮುರಿದು ನನಗೆ ಹಾಕಿದ. ನನಗೆ ಬೇಡವಾಗಿತ್ತು, ಆದರೂ ಪಾಠ ಕೆಡಬಾರದೆಂದು ತಿಂದೆ.

ಎಲ್ಲ ಸರಿಹೋಯಿತು ಎಂದು ನಿನಗೆ ಸುಳ್ಳು ಬರೆಯುವುದಿಲ್ಲ. ನಿದ್ದೆ ಬಂದಾಗ ಈಗಲೂ ಎರಡು ಕೈಯಲ್ಲೂ ಎಣಿಸಿಬಿಡುತ್ತಾಳೆ. ಕಳೆಯುವುದು ಬಂದಿದೆ, ದಶಕ ಎರವಲು ತರುವುದು ಬಂದಿಲ್ಲ, ಅದು ನನಗೂ ಮರೆತಿತ್ತು, ಸೌಂದರ್ಯ ಮಿಸ್ಸನ್ನು ಬಸ್ ಸ್ಟಾಪಿನಲ್ಲಿ ಹಿಡಿದು ಕೇಳಿಕೊಂಡು ಬಂದೆ. ಪಾಪ, ಬೇಲೂರಿನ ಬಸ್ಸು ಒಂದನ್ನು ಬಿಟ್ಟು ಬೆಂಚಿನ ಮೇಲೆ ಕಡ್ಡಿ ಜೋಡಿಸಿ ಹೇಳಿಕೊಟ್ಟಳು. ಮನೆಯಲ್ಲಿ ತಾಯಿಯೇ ಕೂರಬೇಕಾ ಎಂದು ಕೇಳಿದ್ದಕ್ಕೆ, ‘ಅಯ್ಯೋ, ಬಾಯಿಗೆ ಬಂದ ಮಾತು ಹೇಳ್ದೆ ಆಂಟಿ, ಯಾರು ಕೂತ್ರೂ ಆಯ್ತು’ ಎಂದಳು. ಇದನ್ನು ಮನೆಯಲ್ಲಿ ಎಲ್ಲರ ಮುಂದೆ ಹೇಳಿದೆ. ಯಾರೂ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಆದರೆ ಗುರುವಾರ ಕ್ಲಾಸಿನಲ್ಲಿ ನಯನಾ ತಾನಾಗಿ ಕೈಯೆತ್ತಿದಳಂತೆ. ಉತ್ತರ ತಪ್ಪಂತೆ. ಕೈಯೆತ್ತಿದಳಲ್ಲ, ನನಗೆ ಅಷ್ಟು ಸಾಕು.

ನಿಮ್ಮ ಮಾವ ನನ್ನ ಜೊತೆ ನೇರ ಮಾತು ಬಿಟ್ಟಿದ್ದಾರೆ. ಉಪ್ಪು ಬೇಕಾದರೆ ನಯನಾಳಿಗೆ ಹೇಳುತ್ತಾರೆ, ಅವಳು ನನಗೆ ಹೇಳುತ್ತಾಳೆ. ನಾನು ಸೋಲುವುದಿಲ್ಲ. ಈ ಮನೆಯಲ್ಲಿ ಯಾರು ಏನು ಬಿಡಬೇಕು ಎಂಬ ಮಾತು ಬಂದಾಗಲೆಲ್ಲ ಹೆಂಗಸರ ಕಡೆಯೇ ಕಣ್ಣು ಹೋಗುತ್ತದೆ. ನಾನು ಬಿಟ್ಟಿದ್ದನ್ನು ಹೇಳುತ್ತ ಕೂತರೆ ಈ ಹಾಳೆ ಸಾಲದು, ಅದು ಈಗ ಬೇಡ. ನಿನ್ನ ವಿಷಯದಲ್ಲಿ ಅದು ನಡೆಯಬಾರದು. ನೀನು ಪಾಸಾಗಿ, ಆ ಖಾಕಿ ಹಾಕಿಕೊಂಡು, ಅರಸೀಕೆರೆ ಸ್ಟೇಷನ್ನಿನಲ್ಲಿ ರೈಲಿನಿಂದ ಇಳಿಯಬೇಕು. ನಾನು ಮಗುವಿನ ಕೈ ಹಿಡಿದು ಪ್ಲಾಟ್‌ಫಾರಂ ಮೇಲೆ ನಿಂತಿರುತ್ತೇನೆ, ಬೇರೆ ಯಾರು ಬಂದರೂ ಬರದಿದ್ದರೂ.

ಮೈ ಕಡೆ ಗಮನವಿರಲಿ. ಹೊತ್ತಿಗೆ ಸರಿಯಾಗಿ ತಿನ್ನು. ನಿನ್ನ ಜೊತೆಯ ಹುಡುಗಿಯರಿಗೆಲ್ಲ ನನ್ನ ಪ್ರೀತಿ ತಿಳಿಸು, ಅವರ ಮನೆಗಳಲ್ಲೂ ಒಬ್ಬೊಬ್ಬ ಅತ್ತೆ ಗಟ್ಟಿಯಾಗಿರಲಿ ಎಂದು ಶಿವನಲ್ಲಿ ಕೇಳಿಕೊಳ್ಳುತ್ತೇನೆ. ನಯನಾಳ ಮುತ್ತು ಈ ಹಾಳೆಯ ಮೂಲೆಯಲ್ಲಿದೆ, ಜೋಳದ ಹಿಟ್ಟಿನ ಕೈಯಲ್ಲಿ ಮುಟ್ಟಬೇಡ.

ನಿನ್ನ ತಲೆಯ ಮೇಲೆ ಕೈಯಿಟ್ಟು,
ನಿನ್ನ ಅತ್ತೆ
ವಿಶಾಲಮ್ಮ

ವಿ.ಸೂ.: ಪೋಸ್ಟಿಗೆ ಹೋಗುವ ಬಸ್ಸು ಬಂದಿದೆ, ಬೇಗ ಬೇಗ ಬರೆಯುತ್ತೇನೆ. ಸ್ಪೀಡ್ ಪೋಸ್ಟ್ ಮಾಡುತ್ತೇನೆ, ಭಾನುವಾರದೊಳಗೆ ನಿನ್ನ ಕೈ ಸೇರಬೇಕು. ನಿನ್ನೆ ನೀನು ಫೋನ್ ಇಟ್ಟ ಮೇಲೆ ಇಲ್ಲಿ ಒಂದು ನಿಶ್ಚಯ ಮಾಡಿದ್ದಾರೆ. ಬರುವ ಭಾನುವಾರ ನಿನಗೆ, ಮಗುವಿಗೆ ಜ್ವರ ಇಳಿಯುತ್ತಿಲ್ಲ, ಅಮ್ಮ ಅಮ್ಮ ಎಂದು ಕನವರಿಸುತ್ತಿದೆ, ಹೊರಟು ಬಾ ಎಂದು ಹೇಳುವುದಂತೆ. ಹೇಳಬೇಕಾದವಳು ನಾನಂತೆ. ಚನ್ನೇಶ ಹೇಳಿದರೆ ಅನುಮಾನ ಪಡುತ್ತೀಯ, ಅತ್ತೆ ಹೇಳಿದರೆ ನಂಬುತ್ತೀಯ ಎಂದು ಕಾಂತಮ್ಮ ಹೇಳಿಕೊಟ್ಟಳು. ನಾನು ಹೇಳುವುದಿಲ್ಲ. ನನ್ನ ಕೈಗೆ ಫೋನ್ ಕೊಟ್ಟರೆ ಎಲ್ಲರೆದುರಿಗೆ ಇಲ್ಲ ಎನ್ನುತ್ತೇನೆ. ಕೊಡದೆ ಬೇರೆ ಯಾರಾದರೂ ಅತ್ತುಕೊಂಡು ಹೇಳಿದರೂ ನೀನು ಕದಲಬೇಡ. ನಿಜವಾಗಿ ಮಗುವಿನ ಮೈ ಬೆಚ್ಚಗಾದರೆ ನಿಮ್ಮ ಆಫೀಸಿನ ನಂಬರಿಗೆ ನಾನೇ ಫೋನ್ ಮಾಡುತ್ತೇನೆ. ಅತ್ತೆ ಹೇಳಿದರೆ ನಂಬುತ್ತೀಯ ಎಂದರಲ್ಲ, ಹಾಗಾದರೆ ನಂಬು. ಮಗು ಚೆನ್ನಾಗಿದೆ. ಬರಬೇಡ.